ಫೋನಿನ ದೊಡ್ಡ ವಿಡಿಯೋ ಕಂಪ್ಯೂಟರ್‌ಗೆ: ಅರ್ಧಕ್ಕೆ ನಿಲ್ಲದಂತೆ ಕಾಪಿ ಮಾಡುವ ಕ್ರಮ

ವಿಜಯದಶಮಿಯ ದಿನ ಸಯ್ಯಾಜಿರಾವ್ ರಸ್ತೆಯ ಯಾವುದೋ ಮಹಡಿ ಮೇಲೆ ನಿಂತು ಜಂಬೂಸವಾರಿಯನ್ನು 22 ನಿಮಿಷ ಒಂದೇ ಸಮನೆ 4ಕೆಯಲ್ಲಿ ಹಿಡಿದಿದ್ದೀರಿ ಅಂದುಕೊಳ್ಳಿ. ಫೈಲ್ ತೂಕ ಸುಮಾರು 7.7 ಜಿಬಿ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಲು ಹೋದರೆ ಒಂದು ಸಲ 63 ಪರ್ಸೆಂಟ್‌ಗೆ ಕೂತುಬಿಡುತ್ತದೆ. ಇನ್ನೊಂದು ಸಲ ಫೋನೇ ಪರದೆಯಿಂದ ಮಾಯ. ಮೂರನೇ ಸಲ ಕಾಪಿ ಮುಗಿಯಿತು ಅನ್ನುತ್ತದೆ, ಆದರೆ ಫೈಲ್ ತೆರೆಯುವುದಿಲ್ಲ. ಬೇಜಾರಾಗಿ ವಾಟ್ಸಾಪ್‌ನಲ್ಲಿ ಕಳಿಸಿಕೊಂಡರೆ ಅಂಬಾರಿ ಯಾವುದು, ಆನೆ ಯಾವುದು ಗೊತ್ತಾಗದಷ್ಟು ಮಸುಕು.

ನಾಲ್ಕಕ್ಕೂ ಕಾರಣ ಬೇರೆ ಬೇರೆ. ಆದರೆ ನಾಲ್ಕೂ ಹೆಚ್ಚಿನಂಶ ಕಾಪಿ ಒತ್ತುವ ಮೊದಲೇ ತೀರ್ಮಾನವಾಗಿರುತ್ತವೆ: ಯಾವ ಕೇಬಲ್, ಯಾವ ಡಿಸ್ಕ್, ಯಾವ ಸೆಟ್ಟಿಂಗ್ ಅನ್ನುವುದರಲ್ಲೇ. ಅದಕ್ಕೆ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನೇ ಹಂತ ಬಿಟ್ಟು ನಾಲ್ಕಕ್ಕೆ ಹಾರಿದವರೇ ಮತ್ತೆ ಮತ್ತೆ ಸಿಕ್ಕಿಕೊಳ್ಳುವುದು.

ಮೊದಲು ಒಂದು ಲೆಕ್ಕ

4ಕೆ, ಸೆಕೆಂಡಿಗೆ 30 ಫ್ರೇಮ್, ಹಳೇ ಎಚ್.264 ಫಾರ್ಮ್ಯಾಟ್ ಆದರೆ ನಿಮಿಷಕ್ಕೆ ಸುಮಾರು 350 ಎಂಬಿ. ಐಫೋನ್‌ನಲ್ಲಿ ‘ಹೈ ಎಫಿಷಿಯೆನ್ಸಿ’ ಹಾಕಿದ್ದರೆ, ಅಂದರೆ ಎಚ್‌ಇವಿಸಿ ಆದರೆ, ಅದೇ ನಿಮಿಷಕ್ಕೆ 170 ಎಂಬಿ. 4ಕೆ 60 ಫ್ರೇಮ್ ಇದ್ದರೆ ಎಚ್‌ಇವಿಸಿಯಲ್ಲೂ 400 ಎಂಬಿ ಮುಟ್ಟುತ್ತದೆ. ಸಾಧಾರಣ 1080ಪಿ 30 ಫ್ರೇಮ್‌ಗೆ ಎಚ್‌ಇವಿಸಿಯಲ್ಲಿ 60 ಎಂಬಿ ಸಾಕು.

ಈಗ ಹೊತ್ತಿನ ಲೆಕ್ಕ. ಯುಎಸ್‌ಬಿ 2 ಕೇಬಲ್‌ನಲ್ಲಿ ನಿಜವಾಗಿ ಸಿಗುವ ವೇಗ ಸೆಕೆಂಡಿಗೆ 30ರಿಂದ 40 ಎಂಬಿ. ನಮ್ಮ 7.7 ಜಿಬಿಗೆ ನಾಲ್ಕು ನಿಮಿಷ ಹಿಡಿಯಬೇಕು, 40 ಜಿಬಿಯ ಇಡೀ ಫೋಲ್ಡರ್‌ಗೆ 20 ನಿಮಿಷ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಸೆಕೆಂಡಿಗೆ 4 ಎಂಬಿ ಸಿಕ್ಕರೆ ಅದೇ ಒಂದು ಫೈಲ್‌ಗೆ ಅರ್ಧ ಗಂಟೆ. ಬ್ಲೂಟೂತ್‌ನಲ್ಲಿ ಹತ್ತು ಗಂಟೆ ದಾಟುತ್ತದೆ, ಆ ದಾರಿಯನ್ನೇ ಮರೆತುಬಿಡಿ.

ಗೂಗಲ್ ಡ್ರೈವ್‌ಗೆ ಹಾಕಿ ಕಂಪ್ಯೂಟರ್‌ನಲ್ಲಿ ಇಳಿಸಿಕೊಳ್ಳುವುದು ಸುಲಭ ಅಂತ ತುಂಬ ಜನಕ್ಕೆ ಅನ್ನಿಸುತ್ತದೆ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ ಹೋಗುವುದು ಬರೀ 2.5 ಎಂಬಿ, ಏಕೆಂದರೆ ಎಂಬಿಪಿಎಸ್ ಅನ್ನುವುದು ಬಿಟ್‌ನ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್. 7.7 ಜಿಬಿ ಹತ್ತಿಸಲು 51 ನಿಮಿಷ, ಇಳಿಸಲು ಮತ್ತೆ ಬೇರೆ ಹೊತ್ತು. 40 ಜಿಬಿಗೆ ಹತ್ತಿಸುವುದೇ ನಾಲ್ಕೂವರೆ ಗಂಟೆ. ಅದೂ ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಹಿಡಿಸುವುದೇ ಇಲ್ಲ, ಆ 15ರಲ್ಲಿ ಜಿಮೇಲ್, ಫೋಟೋಸ್‌ಗೂ ಪಾಲಿದೆ. ಮಂಡ್ಯದಲ್ಲಿ ಮಾಡಿದ ಮದುವೆ ವಿಡಿಯೋ ಮೈಸೂರಿನ ಎಡಿಟರ್‌ಗೆ ಇವತ್ತೇ ಸಿಗಬೇಕು ಅಂದರೆ, ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ರೈಲು ಹತ್ತಿದವನೇ ಮೊದಲು ಮುಟ್ಟುತ್ತಾನೆ.

ಬೇಕಾದ ಸಾಮಾನು

ಡೇಟಾ ಹೋಗುವ ಕೇಬಲ್ ಒಂದು, ಸಾಧ್ಯವಾದರೆ ಎರಡು. ಫೈಲಿನ ಗಾತ್ರಕ್ಕಿಂತ ಕನಿಷ್ಠ ಕಾಲು ಭಾಗ ಹೆಚ್ಚು ಖಾಲಿ ಜಾಗ ಇರುವ ಡ್ರೈವ್. ಎಲ್ಲ ಫಾರ್ಮ್ಯಾಟನ್ನೂ ಓಡಿಸುವ ವಿಎಲ್‌ಸಿ ಪ್ಲೇಯರ್. ಕೇಬಲ್ ಕೈಕೊಟ್ಟರೆ ಇರಲಿ ಅಂತ ಟೈಪ್-ಸಿ ಮೂತಿಯ ಪೆನ್‌ಡ್ರೈವ್. ಇಷ್ಟಕ್ಕಿಂತ ಹೆಚ್ಚು ಬೇಡ. ‘ಒಂದೇ ಕ್ಲಿಕ್ಕಿಗೆ ವರ್ಗಾವಣೆ’ ಎಂದು ಜಾಹೀರಾತು ಹಾಕುವ ದುಡ್ಡಿನ ಸಾಫ್ಟ್‌ವೇರ್‌ಗಳು ಇಲ್ಲಿ ಮಾಡುವ ಕೆಲಸವನ್ನೇ ಬೇರೆ ಬಣ್ಣದ ಬಟನ್‌ನಲ್ಲಿ ಮಾಡುತ್ತವೆ.

ಹಂತ 1: ಹೋಗಿ ಸೇರುವ ಡಿಸ್ಕ್ ನೋಡಿ

ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ತೆರೆದು, ವಿಡಿಯೋ ಇಡಬೇಕೆಂದಿರುವ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ಒತ್ತಿ. ಎರಡು ಸಾಲು ಓದಬೇಕು. ‘ಫ್ರೀ ಸ್ಪೇಸ್’ ಎಷ್ಟಿದೆ, ‘ಫೈಲ್ ಸಿಸ್ಟಂ’ ಏನಿದೆ.

ಫೈಲ್ ಸಿಸ್ಟಂ ಎದುರಿಗೆ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಅಂತಿದ್ದರೆ ಮುಂದಕ್ಕೆ ಹೋಗಿ. ಫ್ಯಾಟ್32 ಅಂತಿದ್ದರೆ ಅಲ್ಲೇ ನಿಲ್ಲಿ. ಫ್ಯಾಟ್32 ಡಿಸ್ಕ್‌ನಲ್ಲಿ 4 ಜಿಬಿ ಮೀರಿದ ಒಂಟಿ ಫೈಲ್ ಹಿಡಿಸುವುದಿಲ್ಲ. ಡಿಸ್ಕ್‌ನಲ್ಲಿ 30 ಜಿಬಿ ಖಾಲಿ ಇದ್ದರೂ ಅಷ್ಟೆ, ಏಕೆಂದರೆ ಆ ಫಾರ್ಮ್ಯಾಟ್‌ನಲ್ಲಿ ಫೈಲಿನ ಗಾತ್ರ ಬರೆದುಕೊಳ್ಳುವ ಜಾಗವೇ 32 ಬಿಟ್‌ನದು, ಅದಕ್ಕಿಂತ ದೊಡ್ಡ ಸಂಖ್ಯೆ ಅಲ್ಲಿ ಕೂರುವುದಿಲ್ಲ. ‘ಜಾಗ ಇದೆ, ಆದರೂ ಫೈಲ್ ದೊಡ್ಡದು ಅನ್ನುತ್ತದೆ’ ಎಂದು ತಲೆ ಕೆರೆದುಕೊಳ್ಳುವವರ ಕಥೆಯೆಲ್ಲ ಇದೇ. ಲ್ಯಾಪ್‌ಟಾಪ್ ಒಳಗಿನ ಡಿಸ್ಕ್‌ನಲ್ಲಿ ಈ ತೊಂದರೆ ಬರುವುದಿಲ್ಲ. ಹಳೇ ಪೆನ್‌ಡ್ರೈವ್, ಹಳೇ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಬರುತ್ತದೆ.

ಮದ್ದು ಎಕ್ಸ್‌ಫ್ಯಾಟ್‌ಗೆ ಬದಲಾಯಿಸುವುದು. ಡ್ರೈವ್ ಮೇಲೆ ರೈಟ್ ಕ್ಲಿಕ್, ‘ಫಾರ್ಮ್ಯಾಟ್’, ಪಟ್ಟಿಯಿಂದ ಎಕ್ಸ್‌ಫ್ಯಾಟ್ ಆರಿಸಿ ‘ಸ್ಟಾರ್ಟ್’. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮೊದಲು ಅದರಲ್ಲಿರುವುದನ್ನು ಬೇರೆ ಕಡೆ ಇಟ್ಟುಕೊಳ್ಳಿ, ಡ್ರೈವ್ ಅಕ್ಷರವನ್ನು ಎರಡು ಸಲ ಓದಿ, ಆಮೇಲೆ ಒತ್ತಿ.

ಸಿ ಡ್ರೈವ್‌ನಲ್ಲಿ ಅಂಚಿಗೆ ಅಂಚು ತುಂಬುವಷ್ಟು ಹಾಕಬೇಡಿ. 7.7 ಜಿಬಿ ಫೈಲ್‌ಗೆ 8 ಜಿಬಿ ಖಾಲಿ ಇದೆ ಅಂತ ಹಾಕಿದರೆ, ಫೈಲ್ ಸೇರಿದರೂ ವಿಂಡೋಸ್ ತನ್ನ ತಾತ್ಕಾಲಿಕ ಫೈಲ್‌ಗಳಿಗೆ ಜಾಗ ಸಿಗದೆ ತೆವಳಲು ಶುರುಮಾಡುತ್ತದೆ. 10 ಜಿಬಿಯಾದರೂ ಇರಲಿ.

ಹಂತ 2: ಕೇಬಲ್ ಮತ್ತು ಪೋರ್ಟ್

ಸಂತೆಯಲ್ಲೋ ಬಸ್ ಸ್ಟ್ಯಾಂಡ್‌ನಲ್ಲೋ ಕೊಂಡ ಅಗ್ಗದ ಕೇಬಲ್‌ನಲ್ಲಿ ಎಷ್ಟೋ ಸಲ ಚಾರ್ಜ್‌ಗೆ ಬೇಕಾದ ಎರಡು ತಂತಿ ಮಾತ್ರ ಇರುತ್ತದೆ, ಡೇಟಾ ಒಯ್ಯುವ ಇನ್ನೆರಡು ಇರುವುದೇ ಇಲ್ಲ. ಪರೀಕ್ಷೆ ಸರಳ. ಫೋನ್ ಲಾಕ್ ತೆರೆದು ಕೇಬಲ್ ಚುಚ್ಚಿ. ಚಾರ್ಜ್ ಆಗುತ್ತಿದೆ, ಆದರೆ ಕಂಪ್ಯೂಟರ್‌ನಿಂದ ಸದ್ದೂ ಇಲ್ಲ, ಫೋನ್‌ನಲ್ಲಿ ಯುಎಸ್‌ಬಿ ನೋಟಿಫಿಕೇಷನ್ ಸಹ ಇಲ್ಲ ಅಂದರೆ ಮೊದಲ ಅನುಮಾನ ಕೇಬಲ್ ಮೇಲೆ. ಬೇರೆ ಕೇಬಲ್ ಹಾಕಿ ನೋಡುವವರೆಗೆ ಡ್ರೈವರ್, ರೀಸ್ಟಾರ್ಟ್ ಅಂತ ಒದ್ದಾಡಬೇಡಿ.

ಇನ್ನೊಂದು ತಪ್ಪು ನಂಬಿಕೆ: ಟೈಪ್-ಸಿ ಅಂದರೆ ವೇಗ. ಟೈಪ್-ಸಿ ಅನ್ನುವುದು ಮೂತಿಯ ಆಕಾರ ಅಷ್ಟೇ. ನಡುಮಟ್ಟದ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳ ಒಳಗೆ ಇರುವುದು ಯುಎಸ್‌ಬಿ 2 ತಾನೇ. ಐಫೋನ್ 15 ಕೂಡ ಟೈಪ್-ಸಿ, ಆದರೆ ವೇಗ ಯುಎಸ್‌ಬಿ 2ರದು. 15 ಪ್ರೋದಲ್ಲಿ ಯುಎಸ್‌ಬಿ 3 ಇದೆ, ಆದರೆ ಡಬ್ಬಿಯಲ್ಲಿ ಕೊಡುವ ಕೇಬಲ್ ಮತ್ತೆ ಯುಎಸ್‌ಬಿ 2. ಆ ವೇಗ ಬೇಕಾದರೆ 10 ಜಿಬಿಪಿಎಸ್ ಎಂದು ಬರೆದಿರುವ ಕೇಬಲ್ ಬೇರೆಯಾಗಿ ಕೊಳ್ಳಬೇಕು. ಫೋನ್ ಯುಎಸ್‌ಬಿ 2 ಆಗಿದ್ದರೆ ದುಬಾರಿ ಕೇಬಲ್‌ನಿಂದ ಏನೂ ಲಾಭವಿಲ್ಲ.

ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂಬದಿಯ ಪೋರ್ಟ್ ಬಳಸಿ. ಮುಂದಿನದು ಒಳಗೊಂದು ಉದ್ದ ತಂತಿಯ ಮೂಲಕ ಮದರ್‌ಬೋರ್ಡ್ ಸೇರುತ್ತದೆ, ಆ ಜೋಡಣೆ ಸಡಿಲವಾದರೆ ಫೋನ್ ಬಂದು ಬಂದು ಹೋಗುತ್ತದೆ. ಯುಎಸ್‌ಬಿ ಹಬ್ ನಡುವೆ ಬೇಡ.

ಫೋನಿನ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಪ್ಯಾಂಟ್ ಜೇಬಿನ ನೂಲು ಅಲ್ಲಿ ಒತ್ತಿ ಒತ್ತಿ ಕಂಬಳಿಯಂತೆ ಗಟ್ಟಿಯಾಗಿ ಕೂತಿರುತ್ತದೆ. ಕೇಬಲ್ ಚುಚ್ಚಿದಾಗ ಕಟ್ ಎಂದು ಕೂರದೆ ಮೂತಿಯ ಲೋಹ ಒಂದು ಮಿಲಿಮೀಟರ್ ಹೊರಗೇ ಉಳಿದರೆ ಅದೇ ಗುರುತು. ಫೋನ್ ಸ್ವಿಚ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಒಂದು ಪಕ್ಕದಿಂದ ನಿಧಾನಕ್ಕೆ ಕೆರೆದು ತೆಗೆಯಿರಿ. ಪಿನ್ನು, ಸೂಜಿ ಬೇಡ. ಒಳಗಿನ ನಾಲಗೆಯ ಮೇಲಿನ ಸಂಪರ್ಕ ಕಿತ್ತು ಬಂದರೆ ಬೋರ್ಡಿಗೇ ಖರ್ಚು. ಮಂಡ್ಯ ಕಡೆಯ ಆಲೆಮನೆಯಲ್ಲಿ ಶೂಟ್ ಮಾಡಿ ಬಂದಿದ್ದರೆ ಇದನ್ನು ಬಿಡಲೇಬೇಡಿ. ಕೊಪ್ಪರಿಗೆಯ ಹಬೆ, ಸಿಪ್ಪೆಯ ಪುಡಿ ಎರಡೂ ಪೋರ್ಟ್ ಸೇರುತ್ತವೆ. ಪೋರ್ಟ್‌ನಲ್ಲಿ ತೇವ ಇದೆ ಎಂದು ಫೋನೇ ಎಚ್ಚರಿಸಿದರೆ ಕೇಬಲ್ ಕಿತ್ತು, ಮೂತಿ ಕೆಳಗೆ ಮಾಡಿ, ಗಾಳಿಯಾಡುವ ಕಡೆ ಒಣಗಲು ಬಿಡಿ. ಹೇರ್ ಡ್ರೈಯರ್ ಬೇಡ.

ಹಂತ 3: ಎರಡಕ್ಕೂ ನಿದ್ದೆ ಬರದಂತೆ ಮಾಡಿ

ಅರ್ಧಕ್ಕೆ ನಿಲ್ಲುವ ಕಾಪಿಗಳಲ್ಲಿ ಎಷ್ಟೋ ನಿಲ್ಲುವುದು ಲ್ಯಾಪ್‌ಟಾಪ್ ಮಲಗಿದ್ದಕ್ಕೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಂ’, ‘ಪವರ್’ಗೆ ಹೋಗಿ ಸ್ಲೀಪ್ ಸಮಯವನ್ನು ‘ನೆವರ್’ ಮಾಡಿ, ಕೆಲಸ ಮುಗಿದ ಮೇಲೆ ವಾಪಸ್ ಹಾಕಿ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಬೇಡಿ.

ಫೋನ್‌ನಲ್ಲಿ ಬ್ಯಾಟರಿ 50 ಪರ್ಸೆಂಟ್ ಮೇಲಿರಲಿ, ಬ್ಯಾಟರಿ ಸೇವರ್ ಆಫ್, ಸ್ಕ್ರೀನ್ ಆರುವ ಸಮಯ ಸಾಧ್ಯವಾದಷ್ಟು ಉದ್ದ. ಹಿಂಬದಿಯ ಕವರ್ ತೆಗೆದು ಮರದ ಮೇಜಿನ ಮೇಲೋ ನೆಲದ ಮೇಲೋ ಇಡಿ. ಕಾಪಿ, ಚಾರ್ಜ್ ಎರಡೂ ಒಟ್ಟಿಗೆ ನಡೆಯುವುದರಿಂದ ಫೋನ್ ಬಿಸಿಯಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಹಾಸಿಗೆ ಮೇಲಿಟ್ಟು 40 ಜಿಬಿ ಕಾಪಿಗೆ ಹಚ್ಚಿದರೆ ಬಿಸಿ ತಾಳದೆ ವೇಗ ಇಳಿಸಿಕೊಳ್ಳುತ್ತದೆ.

ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಗುಡುಗು ಮಳೆಯ ಸಂಜೆ ದೊಡ್ಡ ಕಾಪಿ ಶುರುಮಾಡಬೇಡಿ. ಕರೆಂಟ್ ಹೋದರೆ ಫೋನಿನ ಮೂಲ ಫೈಲ್‌ಗೆ ಏನೂ ಆಗುವುದಿಲ್ಲ, ಆದರೆ ಬರೆಯುತ್ತಿದ್ದ ಎಕ್ಸ್‌ಟರ್ನಲ್ ಡಿಸ್ಕ್‌ನ ಬೇರೆ ಫೈಲ್‌ಗಳಿಗೂ ಪೆಟ್ಟು ಬೀಳಬಹುದು.

ಹಂತ 4: ಆಂಡ್ರಾಯ್ಡ್‌ನಿಂದ ವಿಂಡೋಸ್‌ಗೆ

1. ಫೋನ್ ಲಾಕ್ ತೆರೆದಿರಲಿ. ಕೇಬಲ್ ಚುಚ್ಚಿ. ಮೇಲಿನಿಂದ ನೋಟಿಫಿಕೇಷನ್ ಎಳೆದರೆ ‘ಯುಎಸ್‌ಬಿ ಮೂಲಕ ಚಾರ್ಜ್ ಆಗುತ್ತಿದೆ’ ಎಂಬರ್ಥದ ಸಾಲು ಇರುತ್ತದೆ. ಒತ್ತಿ, ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಫೋನ್ ಭಾಷೆ ಕನ್ನಡದಲ್ಲಿದ್ದರೆ ಅದು ‘ಫೈಲ್ ವರ್ಗಾವಣೆ’. ಇಲ್ಲಿ ‘ಪಿಟಿಪಿ’ ಅನ್ನುವುದನ್ನು ಆರಿಸಿದರೆ ಕ್ಯಾಮೆರಾ ಫೋಲ್ಡರ್ ಬಿಟ್ಟು ಬೇರೇನೂ ಕಾಣದಿರಬಹುದು.

2. ಕಂಪ್ಯೂಟರ್‌ನಲ್ಲಿ ‘ದಿಸ್ ಪಿಸಿ’ ಒಳಗೆ ಫೋನಿನ ಹೆಸರು ಬರುತ್ತದೆ. ‘ಇಂಟರ್ನಲ್ ಸ್ಟೋರೇಜ್’, ಆಮೇಲೆ ‘ಡಿಸಿಐಎಂ’, ಆಮೇಲೆ ‘ಕ್ಯಾಮೆರಾ’. ಮೆಮೊರಿ ಕಾರ್ಡ್‌ಗೆ ರೆಕಾರ್ಡ್ ಆಗುವಂತೆ ಇಟ್ಟಿದ್ದರೆ ಇಂಟರ್ನಲ್ ಬದಲು ಕಾರ್ಡ್ ಒಳಗಿನ ‘ಡಿಸಿಐಎಂ’ ನೋಡಿ. ಈಗ ತಾನೇ ತೆಗೆದ ವಿಡಿಯೋ ಕಾಣದಿದ್ದರೆ ಗಾಬರಿ ಬೇಡ. ಫೋನ್ ಕಂಪ್ಯೂಟರ್‌ಗೆ ತೋರಿಸುವುದು ತಾನು ಮೊದಲೇ ಮಾಡಿಟ್ಟುಕೊಂಡ ಪಟ್ಟಿ, ಅದು ಹಳತಾಗಿರಬಹುದು. ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಪಟ್ಟಿ ಹೊಸದಾಗುತ್ತದೆ.

3. ಫೋಲ್ಡರ್ ತೆರೆದ ಕೂಡಲೇ ‘ವ್ಯೂ’ನಲ್ಲಿ ‘ಡೀಟೇಲ್ಸ್’ ಮಾಡಿ. ಈ ಚಿಕ್ಕ ಕೆಲಸ ಬಿಟ್ಟರೆ ಆಗುವ ಅನಾಹುತ ದೊಡ್ಡದು. ಫೋನ್ ಇಲ್ಲಿ ಪೆನ್‌ಡ್ರೈವ್‌ನಂತೆ ಸೇರಿಕೊಂಡಿಲ್ಲ, ಎಂಟಿಪಿ ಎಂಬ ಪದ್ಧತಿಯಲ್ಲಿ ಮಾತಾಡುತ್ತಿದೆ, ಅದು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ಮೂರು ಸಾವಿರ ಫೋಟೋ ಇರುವ ಫೋಲ್ಡರ್‌ನಲ್ಲಿ ದೊಡ್ಡ ಐಕಾನ್ ಇಟ್ಟರೆ, ವಿಂಡೋಸ್ ಒಂದೊಂದರ ಪುಟ್ಟ ಚಿತ್ರ ಕೇಳುತ್ತಾ ಕೂರುತ್ತದೆ, ನಿಮ್ಮ ಕಾಪಿ ಸರದಿಯಲ್ಲಿ ಕಾಯುತ್ತದೆ. ಕಾಪಿ ನಡೆಯುವಾಗ ಅದೇ ಫೋನಿನ ಇನ್ನೊಂದು ವಿಡಿಯೋ ತೆರೆದು ನೋಡುವುದೂ ಇದೇ ತೊಂದರೆ ತರುತ್ತದೆ.

4. ಕಂಪ್ಯೂಟರ್‌ನಲ್ಲಿ ಹೊಸ ಫೋಲ್ಡರ್ ಮಾಡಿ. ಹೆಸರಿನಲ್ಲಿ ತಾರೀಖು, ಕಾರ್ಯಕ್ರಮ, ಯಾರ ಫೋನ್ ಮೂರೂ ಇರಲಿ. ಮದುವೆಯಲ್ಲಿ ಅತ್ತೆ ಮಗನ ಫೋನ್, ತಂಗಿ ಫೋನ್ ಎರಡರಿಂದಲೂ ತೆಗೆದುಕೊಳ್ಳುವಾಗ ಒಂದೇ ಫೋಲ್ಡರ್‌ಗೆ ಸುರಿದರೆ ಒಂದೇ ಹೆಸರಿನ ಎರಡು ಫೈಲ್ ಡಿಕ್ಕಿ ಹೊಡೆಯುತ್ತವೆ. ಐಫೋನ್‌ಗಳಲ್ಲಿ ಇದು ಸಾಮಾನ್ಯ, ಎಲ್ಲವೂ ಐಎಂಜಿ ಮತ್ತು ನಾಲ್ಕು ಅಂಕೆಯ ಹೆಸರು. ವಿಂಡೋಸ್ ‘ರಿಪ್ಲೇಸ್’ ಮಾಡಲೇ ಎಂದು ಕೇಳುತ್ತದೆ, ಅವಸರದಲ್ಲಿ ಹೂಂ ಅಂದರೆ ತಂಗಿಯ ಧಾರೆಯ ವಿಡಿಯೋ ಮೇಲೆ ಊಟದ ಪಂಕ್ತಿ ಕೂತಿರುತ್ತದೆ. ಫೋನಿಗೊಂದು ಫೋಲ್ಡರ್.

5. ಮೊದಲು ಒಂದು ಸಣ್ಣ ಕ್ಲಿಪ್ ಕಾಪಿ ಮಾಡಿ, ಸುಮಾರು 1 ಜಿಬಿಯದು. ಗಡಿಯಾರ ನೋಡಿ. 30 ಸೆಕೆಂಡ್ ಆಸುಪಾಸು ಮುಗಿದರೆ ಎಲ್ಲ ಸರಿ. ಎರಡು ನಿಮಿಷ ದಾಟಿದರೆ ಕೇಬಲ್ ಅಥವಾ ಪೋರ್ಟ್ ಬದಲಿಸಿ. 15 ನಿಮಿಷ ಹಿಡಿದರೆ ಜೋಡಣೆ ಯುಎಸ್‌ಬಿ 1ರ ಕಾಲಕ್ಕೆ ಇಳಿದಿದೆ ಅಂತ ಅರ್ಥ; ಸವೆದ ಕೇಬಲ್‌ನ ಲಕ್ಷಣ.

6. ಈಗ ದೊಡ್ಡ ಫೈಲ್. ರೈಟ್ ಕ್ಲಿಕ್, ‘ಕಾಪಿ’, ಹೊಸ ಫೋಲ್ಡರ್‌ನಲ್ಲಿ ‘ಪೇಸ್ಟ್’. ‘ಕಟ್’ ಯಾವ ಕಾರಣಕ್ಕೂ ಬೇಡ. ಕಟ್ ಮಾಡಿದರೆ ಸಾಗಿಸುವುದು, ಮೂಲ ಅಳಿಸುವುದು ಎರಡನ್ನೂ ಕಂಪ್ಯೂಟರ್ ಒಂದೇ ಉಸಿರಿನಲ್ಲಿ ಮಾಡುತ್ತದೆ, ನಡುವೆ ತಾಳೆ ನೋಡಲು ನಿಮಗೆ ಅವಕಾಶವೇ ಇಲ್ಲ.

7. ಒಟ್ಟಿಗೆ ಇಡೀ ‘ಕ್ಯಾಮೆರಾ’ ಫೋಲ್ಡರ್ ಎಳೆದು ಹಾಕಬೇಡಿ. ಐದು ಹತ್ತು ಫೈಲ್‌ಗಳ ಕಂತಿನಲ್ಲಿ ಮಾಡಿ. ಎಂಟಿಪಿ ಕಾಪಿ ನಡುವೆ ಕಡಿದರೆ ನಿಂತ ಕಡೆಯಿಂದ ಮುಂದುವರಿಯುವುದಿಲ್ಲ, ಆ ಫೈಲ್ ಮೊದಲಿನಿಂದಲೇ ಶುರು. ಕಂತು ಸಣ್ಣದಿದ್ದರೆ ಎಲ್ಲಿ ಕಡಿಯಿತು ಅನ್ನುವುದಾದರೂ ಗೊತ್ತಾಗುತ್ತದೆ. ಅರ್ಧ ಕಾಪಿಯಾದ ತುಂಡು ಕಂಪ್ಯೂಟರ್‌ನಲ್ಲಿ ಉಳಿದಿದ್ದರೆ ಮೊದಲು ಅದನ್ನು ಅಳಿಸಿ.

ಎಡಿಟಿಂಗ್ ಸಾಫ್ಟ್‌ವೇರ್‌ಗೆ ಫೋನಿನ ಫೋಲ್ಡರ್‌ನಿಂದ ನೇರವಾಗಿ ಎಳೆಯುವ ಅಭ್ಯಾಸ ಕೆಲವರಿಗಿದೆ. ಕೇಬಲ್ ಕಿತ್ತ ಕೂಡಲೇ ಟೈಮ್‌ಲೈನ್ ಪೂರ್ತಿ ಕೆಂಪು. ಮೊದಲು ಡಿಸ್ಕ್‌ಗೆ, ಆಮೇಲೆ ಎಡಿಟರ್‌ಗೆ.

ಮ್ಯಾಕ್ ಕಂಪ್ಯೂಟರ್‌ಗೆ ಎಂಟಿಪಿ ಭಾಷೆ ತಾನಾಗಿ ಬರುವುದಿಲ್ಲ. ಆಂಡ್ರಾಯ್ಡ್ ಚುಚ್ಚಿದರೆ ಫೈಂಡರ್‌ನಲ್ಲಿ ಏನೂ ಕಾಣದಿರುವುದು ದೋಷವಲ್ಲ. ಪುಕ್ಕಟೆ ಸಿಗುವ ಓಪನ್‌ಎಂಟಿಪಿ ಹಾಕಿಕೊಂಡರೆ ಸಾಕು.

ಹಂತ 4, ಐಫೋನ್ ಇದ್ದವರಿಗೆ

ಐಫೋನ್‌ನಿಂದ ವಿಂಡೋಸ್‌ಗೆ ಕಾಪಿ ಮಾಡುವಾಗ ‘ಡಿವೈಸ್ ಈಸ್ ಅನ್‌ರೀಚಬಲ್’ ಅಥವಾ ಸಾಧನ ಕೆಲಸ ಮಾಡುತ್ತಿಲ್ಲ ಎಂಬ ತಪ್ಪು ತೋರಿಸಿ ನಿಲ್ಲುವುದು ಬಹಳ ಹಳೇ ಕಾಟ. ಮೂಲ ಒಂದು ಸೆಟ್ಟಿಂಗ್‌ನಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ‘ಫೋಟೋಸ್’ ತೆರೆಯಿರಿ. ಐಓಎಸ್ 18ರಿಂದ ಅದು ‘ಆ್ಯಪ್ಸ್’ ಒಳಗಿದೆ. ಕೆಳಗೆ ಇಳಿದರೆ ‘ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ’ ಸಿಗುತ್ತದೆ. ಅಲ್ಲಿ ‘ಆಟೋಮ್ಯಾಟಿಕ್’ ಇದ್ದರೆ, ಫೋನ್ ಎಚ್‌ಇವಿಸಿ ವಿಡಿಯೋವನ್ನು ಕಳಿಸುವ ಹೊತ್ತಿಗೇ ಹಳೇ ಫಾರ್ಮ್ಯಾಟ್‌ಗೆ ಬದಲಿಸಲು ಹೋಗುತ್ತದೆ. ದೊಡ್ಡ ಫೈಲ್ ಬದಲಿಸುವಷ್ಟರಲ್ಲಿ ವಿಂಡೋಸ್ ತಾಳ್ಮೆ ಮುಗಿದಿರುತ್ತದೆ. ‘ಕೀಪ್ ಒರಿಜಿನಲ್ಸ್’ ಮಾಡಿ.

ಎರಡನೆಯದು ಐಕ್ಲೌಡ್. ‘ಆಪ್ಟಿಮೈಸ್ ಐಫೋನ್ ಸ್ಟೋರೇಜ್’ ಹಾಕಿದ್ದರೆ ಪೂರ್ತಿ ವಿಡಿಯೋ ಫೋನ್‌ನಲ್ಲೇ ಇಲ್ಲದಿರಬಹುದು, ಗ್ಯಾಲರಿಯಲ್ಲಿ ಕಾಣುವುದು ಸಣ್ಣ ರೂಪ. ಇಲ್ಲದ್ದನ್ನು ಕೇಬಲ್ ತರುವುದಿಲ್ಲ. ಒಳ್ಳೇ ವೈಫೈಯಲ್ಲಿ ‘ಡೌನ್‌ಲೋಡ್ ಆ್ಯಂಡ್ ಕೀಪ್ ಒರಿಜಿನಲ್ಸ್’ ಆರಿಸಿ ಪೂರ್ತಿ ಇಳಿಯುವವರೆಗೆ ಕಾಯಿರಿ, ಅಥವಾ ಕಂಪ್ಯೂಟರ್‌ನಲ್ಲೇ ಐಕ್ಲೌಡ್ ವೆಬ್‌ಸೈಟ್‌ನಿಂದ ಇಳಿಸಿ.

ಉಳಿದದ್ದು ಸಲೀಸು. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ‘ಆ್ಯಪಲ್ ಡಿವೈಸಸ್’ ಹಾಕಿ, ಕೇಬಲ್ ಚುಚ್ಚಿ, ಫೋನ್‌ನಲ್ಲಿ ‘ಟ್ರಸ್ಟ್’ ಒತ್ತಿ ಪಾಸ್‌ಕೋಡ್ ಕೊಡಿ, ‘ಇಂಟರ್ನಲ್ ಸ್ಟೋರೇಜ್’ ಒಳಗೆ ವಿಡಿಯೋ ಇರುತ್ತವೆ. ‘ಟ್ರಸ್ಟ್’ ಒತ್ತದಿದ್ದರೆ ಫೋಲ್ಡರ್ ಖಾಲಿ ಕಾಣುತ್ತದೆ. ಮ್ಯಾಕ್ ಇದ್ದವರಿಗೆ ‘ಇಮೇಜ್ ಕ್ಯಾಪ್ಚರ್’ ಆ್ಯಪ್ ಸಾಕು. ಒಂದೆರಡು ಫೈಲ್ ಆದರೆ ಏರ್‌ಡ್ರಾಪ್.

ಹಂತ 5: ಕೇಬಲ್ ದಾರಿ ಮುಚ್ಚಿದ್ದರೆ

ಪೋರ್ಟ್ ಸಡಿಲ, ಕಂಪ್ಯೂಟರ್ ಹಳೆಯದು, ಕೇಬಲ್ ಸಿಗುತ್ತಿಲ್ಲ ಅಂದಾಗ ಮೂರು ದಾರಿ ಇದೆ.

ಪೆನ್‌ಡ್ರೈವ್. ಟೈಪ್-ಸಿ ಮೂತಿಯದನ್ನು ಫೋನ್‌ಗೇ ಚುಚ್ಚಿ, ಫೈಲ್ಸ್ ಆ್ಯಪ್‌ನಿಂದ ಕಾಪಿ ಮಾಡಿ. ಕೆಲವು ಫೋನ್‌ಗಳಲ್ಲಿ ಓಟಿಜಿಯನ್ನು, ಅಂದರೆ ಫೋನ್‌ಗೇ ಪೆನ್‌ಡ್ರೈವ್ ಚುಚ್ಚಿ ಬಳಸುವ ಸೌಲಭ್ಯವನ್ನು, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು, ಸ್ವಲ್ಪ ಹೊತ್ತಿಗೆ ಅದು ತಾನೇ ಆಫ್ ಆಗುತ್ತದೆ. ಇಲ್ಲೂ ಫ್ಯಾಟ್32ರ 4 ಜಿಬಿ ಮಿತಿ ಕಾಡುತ್ತದೆ, ಹಂತ 1 ನೆನಪಿರಲಿ. ಕೀಳುವ ಮೊದಲು ‘ಇಜೆಕ್ಟ್’ ಒತ್ತಿ. ಪರದೆಯಲ್ಲಿ ಕಾಪಿ ಮುಗಿಯಿತು ಅಂದರೂ ಕೊನೆಯ ಭಾಗ ಇನ್ನೂ ಡ್ರೈವ್‌ಗೆ ಇಳಿಯುತ್ತಿರಬಹುದು.

ಮೆಮೊರಿ ಕಾರ್ಡ್. ವಿಡಿಯೋ ಕಾರ್ಡ್‌ನಲ್ಲೇ ಇದ್ದರೆ ಕಾರ್ಡ್ ರೀಡರ್ ಎಲ್ಲಕ್ಕಿಂತ ನೆಟ್ಟಗಿನ ದಾರಿ, ಎಂಟಿಪಿಯ ರಗಳೆಯೇ ಇಲ್ಲ. ಆದರೆ ಕಾರ್ಡನ್ನು ‘ಇಂಟರ್ನಲ್ ಸ್ಟೋರೇಜ್’ ಎಂದು ಫಾರ್ಮ್ಯಾಟ್ ಮಾಡಿದ್ದರೆ ಅದು ಎನ್‌ಕ್ರಿಪ್ಟ್ ಆಗಿ ಆ ಒಂದು ಫೋನ್‌ಗೆ ಮಾತ್ರ ಓದಲು ಸಿಗುತ್ತದೆ. ರೀಡರ್‌ಗೆ ಹಾಕಿದರೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುತ್ತದೆ. ಬೇಡ ಅನ್ನಿ, ಕಾರ್ಡ್ ವಾಪಸ್ ಫೋನ್‌ಗೆ ಹಾಕಿ.

ವೈಫೈ. ಲೋಕಲ್‌ಸೆಂಡ್ ಎಂಬ ಪುಕ್ಕಟೆ ಆ್ಯಪ್ ಎರಡೂ ಕಡೆ ಹಾಕಿಕೊಳ್ಳಿ; ಆಂಡ್ರಾಯ್ಡ್‌ಗೆ ಗೂಗಲ್‌ನ ಕ್ವಿಕ್ ಶೇರ್ ವಿಂಡೋಸ್‌ನಲ್ಲೂ ಸಿಗುತ್ತದೆ. ಎರಡೂ ಒಂದೇ ವೈಫೈಯಲ್ಲಿರಬೇಕು, ವಿಂಡೋಸ್ ಫೈರ್‌ವಾಲ್ ಕೇಳಿದಾಗ ‘ಪ್ರೈವೇಟ್ ನೆಟ್‌ವರ್ಕ್’ಗೆ ಅನುಮತಿ ಕೊಡಬೇಕು. ಮೈಸೂರಿನ ಪಿಜಿ, ಹಾಸ್ಟೆಲ್‌ಗಳ ವೈಫೈಯಲ್ಲಿ ಫೋನ್‌ಗೆ ಲ್ಯಾಪ್‌ಟಾಪ್ ಕಾಣುವುದೇ ಇಲ್ಲ ಎಂಬ ದೂರು ಸಾಮಾನ್ಯ. ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದಂತೆ ರೂಟರ್‌ನಲ್ಲೇ ತಡೆ ಹಾಕಿರುತ್ತಾರೆ. ಆಗ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಬ್ಯಾಂಡ್ 5 ಗಿಗಾಹರ್ಟ್ಸ್‌ಗೆ ಹಾಕಿ, ಲ್ಯಾಪ್‌ಟಾಪ್ ಅದಕ್ಕೆ ಸೇರಿಸಿ. ವಿಡಿಯೋ ಫೋನ್‌ನಿಂದ ನೇರ ಲ್ಯಾಪ್‌ಟಾಪ್‌ಗೆ ಹೋಗುತ್ತದೆ, ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಖರ್ಚಾಗುವುದು ವಿಂಡೋಸ್ ಅಪ್‌ಡೇಟ್‌ನಿಂದ. ಆ ವೈಫೈ ಹೆಸರಿನ ಪ್ರಾಪರ್ಟೀಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ, ಅಥವಾ ಫೋನಿನ ಮೊಬೈಲ್ ಡೇಟಾವನ್ನೇ ಆಫ್ ಮಾಡಿ. ಕಾಪಿ ಮುಗಿಯುವವರೆಗೆ ಆ್ಯಪ್ ಪರದೆ ಮೇಲೇ ಇರಲಿ. ಹಿಂದಕ್ಕೆ ಸರಿಸಿ ರೀಲ್ಸ್ ನೋಡಲು ಹೋದರೆ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನ್ ಅದನ್ನು ಮುಚ್ಚಬಹುದು.

ವಾಟ್ಸಾಪ್ ಬಗ್ಗೆ ಒಂದೇ ಮಾತು: ವಿಡಿಯೋ ಅಂತ ಕಳಿಸಿದರೆ ಕುಗ್ಗಿಸುತ್ತದೆ, ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಇದ್ದ ಹಾಗೆ ಹೋಗುತ್ತದೆ, ಆದರೆ 2 ಜಿಬಿ ಮಿತಿ.

ಹಂತ 6: ತಾಳೆ ನೋಡಿ

ಹೆಚ್ಚಿನವರು ಈ ಹಂತ ಮಾಡುವುದೇ ಇಲ್ಲ. ವಿಡಿಯೋ ಶಾಶ್ವತವಾಗಿ ಕಳೆದುಹೋಗುವುದೂ ಇಲ್ಲೇ.

ಮೊದಲು ಗಾತ್ರ. ಫೋನ್ ತೋರಿಸುವ ಜಿಬಿಗೂ ವಿಂಡೋಸ್ ತೋರಿಸುವ ಜಿಬಿಗೂ ತಾಳೆಯಾಗುವುದಿಲ್ಲ. ಫೋನ್‌ನಲ್ಲಿ 7.7 ಅಂತಿದ್ದ ಫೈಲ್ ವಿಂಡೋಸ್‌ನಲ್ಲಿ 7.17 ಅಂತ ಕಾಣುತ್ತದೆ. ಅರ್ಧ ಜಿಬಿ ಎಲ್ಲೂ ಸೋರಿಲ್ಲ. ಹಲವು ಫೋನ್‌ಗಳು 1000ದ ಲೆಕ್ಕದಲ್ಲಿ ಭಾಗಿಸುತ್ತವೆ, ವಿಂಡೋಸ್ 1024ರ ಲೆಕ್ಕದಲ್ಲಿ. ಹಾಗಾಗಿ ಎರಡು ಕಿಟಕಿಯನ್ನೂ ಕಂಪ್ಯೂಟರ್‌ನಲ್ಲೇ ಅಕ್ಕಪಕ್ಕ ತೆರೆಯಿರಿ, ಒಂದರಲ್ಲಿ ಫೋನಿನ ಫೋಲ್ಡರ್, ಇನ್ನೊಂದರಲ್ಲಿ ಕಾಪಿ. ‘ಡೀಟೇಲ್ಸ್’ ನೋಟದಲ್ಲಿ ‘ಸೈಜ್’ ಕಾಲಂ ಕೆಬಿಯಲ್ಲಿ ಇರುತ್ತದೆ. ನಮ್ಮ ಫೈಲ್‌ಗೆ 75 ಲಕ್ಷ ಚಿಲ್ಲರೆ ಕೆಬಿ. ಕೊನೆಯ ಅಂಕೆಯವರೆಗೆ ಒಂದೇ ಇರಬೇಕು. ಫೈಲ್‌ಗಳ ಎಣಿಕೆಯೂ ಒಂದೇ ಇರಬೇಕು.

ಆಮೇಲೆ ಓಡಿಸಿ ನೋಡಿ. ವಿಎಲ್‌ಸಿಯಲ್ಲಿ ತೆರೆದು ಆರಂಭ, ನಡುವೆ, ಕೊನೆಯ 10 ಸೆಕೆಂಡ್ ಮೂರೂ ಕಡೆ ಹಾರಿ ನೋಡಿ. ಕೊನೆಯದು ಯಾಕೆ ಅಂದರೆ, ಫೋನ್ ಎಂಪಿ4 ಫೈಲ್‌ನ ಪರಿವಿಡಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಫೈಲ್‌ನ ಬಾಲದಲ್ಲಿ ಬರೆಯುತ್ತದೆ. ಯಾವ ಫ್ರೇಮ್ ಎಲ್ಲಿದೆ ಅನ್ನುವ ವಿವರ ಎಲ್ಲ ಅಲ್ಲೇ. 99 ಪರ್ಸೆಂಟ್ ಕಾಪಿಯಾಗಿ ಬಾಲ ಕಡಿದಿದ್ದರೆ 99 ಪರ್ಸೆಂಟ್ ವಿಡಿಯೋ ಓಡುವುದಿಲ್ಲ, ಒಂದು ಸೆಕೆಂಡೂ ಓಡುವುದಿಲ್ಲ. ಆಗ ರಿಪೇರಿ ಸಾಫ್ಟ್‌ವೇರ್ ಹುಡುಕಬೇಡಿ, ಫೋನ್‌ನಿಂದ ಮತ್ತೆ ಕಾಪಿ ಮಾಡಿ.

ಸದ್ದು ಬರುತ್ತದೆ, ಚಿತ್ರ ಕಪ್ಪು ಅಂದರೆ ಬಹುತೇಕ ಕಾಪಿ ಸರಿಯಾಗಿಯೇ ಇದೆ. ಅದು ಎಚ್‌ಇವಿಸಿ ಫೈಲ್, ವಿಂಡೋಸ್‌ನ ಪ್ಲೇಯರ್‌ಗೆ ಅದನ್ನು ಬಿಡಿಸುವ ಕೋಡೆಕ್ ಇಲ್ಲ. ಸ್ಟೋರ್‌ನಲ್ಲಿ ಅದಕ್ಕೆ ದುಡ್ಡು ಕೇಳುತ್ತದೆ, ವಿಎಲ್‌ಸಿ ಕೇಳುವುದಿಲ್ಲ.

ಪೆನ್‌ಡ್ರೈವ್ ಅಥವಾ ಕಾರ್ಡ್ ದಾರಿಯಲ್ಲಿ ಬಂದಿದ್ದರೆ ಇನ್ನೂ ಗಟ್ಟಿ ಪರೀಕ್ಷೆ ಮಾಡಬಹುದು. 7-ಜಿಪ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿದ್ದರೆ ರೈಟ್ ಕ್ಲಿಕ್‌ನಲ್ಲಿ ‘ಸಿಆರ್‌ಸಿ ಶಾ’ ಎಂಬ ಸಾಲಿರುತ್ತದೆ. ಮೂಲ, ಕಾಪಿ ಎರಡಕ್ಕೂ ಅದನ್ನು ಓಡಿಸಿ ಬಂದ ಅಕ್ಷರಮಾಲೆ ಹೋಲಿಸಿ. ಒಂದು ಅಕ್ಷರ ಬೇರೆ ಇದ್ದರೂ ಕಾಪಿ ಕೆಟ್ಟಿದೆ.

ತಾರೀಖಿನ ಕಾಲಂ ನಂಬಬೇಡಿ. ಕಾಪಿ ಮಾಡಿದ ದಿನವೇ ಅಲ್ಲಿ ಕೂತಿರಬಹುದು. ಆಂಡ್ರಾಯ್ಡ್ ಫೈಲ್‌ಗಳ ಹೆಸರಿನಲ್ಲೇ ಸಾಮಾನ್ಯವಾಗಿ ವರ್ಷ, ತಿಂಗಳು, ದಿನ ಇರುವುದರಿಂದ ಹೆಸರಿನ ಪ್ರಕಾರ ಜೋಡಿಸಿದರೆ ಕ್ರಮ ಸರಿಹೋಗುತ್ತದೆ.

ಕಾಪಿ ನಡೆಯುವಾಗ ಕಿವಿ, ಕಣ್ಣು ಇಡಬೇಕಾದ ಲಕ್ಷಣಗಳು

ಕಂಪ್ಯೂಟರ್‌ನಿಂದ ಸಾಧನ ಸೇರಿದ, ಬಿಟ್ಟ ಸದ್ದು ಮೇಲಿಂದ ಮೇಲೆ ಬಂದರೆ ಸಂಪರ್ಕ ಕಡಿಯುತ್ತಿದೆ. ನಿಲ್ಲಿಸಿ, ಹಂತ 2ಕ್ಕೆ ಹೋಗಿ. ಉಳಿದ ಸಮಯ ಐದು ನಿಮಿಷದಿಂದ ಎರಡು ಗಂಟೆಗೆ ಹಾರಿ ಅಲ್ಲೇ ನಿಂತರೆ ಫೋನ್ ಮುಟ್ಟಿ ನೋಡಿ, ಕೈಯಿಡಲಾರದಷ್ಟು ಬಿಸಿ ಇದ್ದರೆ ಆರಲು ಬಿಡಿ. 99 ಪರ್ಸೆಂಟ್‌ನಲ್ಲಿ ಒಂದೆರಡು ನಿಮಿಷ ನಿಲ್ಲುವುದು ಮಾಮೂಲಿ, ಡಿಸ್ಕ್ ದೀಪ ಮಿನುಗುತ್ತಿದ್ದರೆ ಕಾಯಿರಿ. ಅದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಎಂದು ಒಂದೇ ಲಯದ ಸದ್ದು ಬಂದರೆ ಕಾಯಬೇಡಿ. ಆ ಡಿಸ್ಕ್ ಸಾಯುತ್ತಿದೆ, ಅದಕ್ಕೆ ಹೊಸದಾಗಿ ಏನನ್ನೂ ಬರೆಯಬೇಡಿ.

ಹಂತ 7: ಫೋನ್‌ನಿಂದ ಅಳಿಸುವುದು

ತಾಳೆ ಮುಗಿದ ಮೇಲೆ ಇನ್ನೊಂದು ಡಿಸ್ಕ್‌ಗೆ ಎರಡನೇ ಕಾಪಿ ಮಾಡಿ, ಅದಾದ ಮೇಲೆ ಅಳಿಸಿ. ಲ್ಯಾಪ್‌ಟಾಪ್ ಒಂದರಲ್ಲೇ ಇದ್ದರೆ ಅದು ಇನ್ನೂ ಒಂದೇ ಕಾಪಿ, ಜಾಗ ಬದಲಾಗಿದೆ ಅಷ್ಟೆ.

ಅಳಿಸುವುದನ್ನು ಫೋನ್‌ನಲ್ಲೇ ಮಾಡಿ, ಕಂಪ್ಯೂಟರ್ ಕಿಟಕಿಯಿಂದ ಬೇಡ. ಎಂಟಿಪಿಯಲ್ಲಿ ಡಿಲೀಟ್ ಮಾಡಿದ ಫೈಲ್ ವಿಂಡೋಸ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಹೋಗಿಬಿಡುತ್ತದೆ. ಐಫೋನ್‌ನಲ್ಲಿ ಅಳಿಸಿದ್ದು ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ 30 ದಿನ ಇರುತ್ತದೆ. ಗೂಗಲ್ ಫೋಟೋಸ್‌ನ ಕಸದಬುಟ್ಟಿಯಲ್ಲಿ ಬ್ಯಾಕಪ್ ಆದದ್ದು 60 ದಿನ. ಬುಟ್ಟಿ ಖಾಲಿ ಮಾಡುವವರೆಗೆ ಫೋನ್‌ನಲ್ಲಿ ಜಾಗ ಬಿಡುಗಡೆಯಾಗದಿದ್ದರೆ ಆಶ್ಚರ್ಯಪಡಬೇಡಿ.

ಗೂಗಲ್ ಫೋಟೋಸ್ ಬಳಸುವವರು ಇನ್ನೊಂದು ವ್ಯತ್ಯಾಸ ಗಮನಿಸಿ. ಅಲ್ಲಿ ವಿಡಿಯೋ ಆರಿಸಿ ಅಳಿಸಿದರೆ ಕ್ಲೌಡ್‌ನಲ್ಲಿರುವ ಕಾಪಿಯೂ ಹೋಗುತ್ತದೆ. ಫೋನ್‌ನಿಂದ ಮಾತ್ರ ತೆಗೆಯಬೇಕಾದರೆ ‘ಫ್ರೀ ಅಪ್ ಸ್ಪೇಸ್’ ಬಳಸಬೇಕು. ಬ್ಯಾಕಪ್ ಗುಣಮಟ್ಟ ‘ಸ್ಟೋರೇಜ್ ಸೇವರ್’ನಲ್ಲಿದ್ದರೆ ಕ್ಲೌಡ್‌ನಲ್ಲಿರುವುದು 4ಕೆ ಅಲ್ಲ, 1080ಪಿಗೆ ಇಳಿಸಿದ ಕಾಪಿ. ಮೂಲ ಇರುವುದು ನೀವು ಈಗ ತಾನೇ ಕಾಪಿ ಮಾಡಿದ ಆ ಎರಡು ಡಿಸ್ಕ್‌ನಲ್ಲಿ ಮಾತ್ರ.